ಹದಿನೇಳು ಓದುಗರ ಪುಸ್ತಕ

ವಾಚಕಮಾಪಕವು ನಲವತ್ತು ಪುಟಗಳನ್ನು ಓದಿ ಮುಗಿಸಲು ತೆಗೆದುಕೊಂಡದ್ದು ಒಂಬತ್ತು ಸೆಕೆಂಡು. ಅವನ್ನು ಬರೆಯಲು ದಿಲ್‌ಶಾದ್ ನದಾಫಳಿಗೆ ಮೂರು ವರ್ಷ ಹಿಡಿದಿತ್ತು. ಹುಬ್ಬಳ್ಳಿಯ ಪುಸ್ತಕದಂಗಡಿಯೊಂದರ ಮೂಲೆಯಲ್ಲಿ ಆಳೆತ್ತರ ನಿಂತಿದ್ದ ಆ ಯಂತ್ರ ಸಣ್ಣಗೆ ಗುಂಯ್‌ಗುಟ್ಟಿ ಸುಮ್ಮನಾಯಿತು. ಗಾಜಿನ ಮೇಲೆ ಒಂದು ಅಂಕಿ ಮೂಡಿತು: 17.

"ಹದಿನೇಳು ಸಾವಿರ ಏನ್ರಿ?" ದಿಲ್‌ಶಾದ್ ಕೇಳಿದಳು.

"ಹದಿನೇಳ ಮಂದಿ. ಇಡೀ ರಾಜ್ಯದಾಗ," ಎಂದ ಅಂಗಡಿಯವನು. "ಮೂರು ಸಾವಿರಕ್ಕಿಂತ ಕಡಿಮಿ ಬಂದದ್ದನ್ನ ನಾವು ಇಡಂಗಿಲ್ಲ, ತಂಗಿ. ಯಾರೂ ಇಡಂಗಿಲ್ಲ."

ಆ ಕಾಲದಲ್ಲಿ ಪುಸ್ತಕ ಓದುವವರೆಲ್ಲ ಓದುಗನ್ನಡಕ ಧರಿಸುತ್ತಿದ್ದರು. ಕಣ್ಣು ಯಾವ ಸಾಲಿನಲ್ಲಿ ನಿಂತಿತು, ಯಾವ ಚಿತ್ರಕ್ಕೆ ಮರಳಿತು, ಎಲ್ಲಿ ಬೇಸತ್ತು ಪುಟ ಹಾರಿಸಿತು ಎಂಬುದನ್ನೆಲ್ಲ ಆ ಕನ್ನಡಕ ದಾಖಲಿಸುತ್ತಿತ್ತು. ಹೀಗೆ ಪ್ರತಿಯೊಬ್ಬರಿಗೂ ಬೆರಳಚ್ಚಿನಂತೆ ಒಂದು ಓದಚ್ಚು ಇರುತ್ತಿತ್ತು. ವಾಚಕಮಾಪಕ ಹೊಸ ಕೃತಿಯನ್ನು ಎಲ್ಲ ಓದಚ್ಚುಗಳ ಮೇಲೂ ಒರೆಗೆ ಹಚ್ಚಿ, ಅದನ್ನು ಕೊನೆಯ ಪುಟದವರೆಗೆ ಓದುವವರು ಎಷ್ಟು ಜನ ಎಂದು ಹೇಳಿಬಿಡುತ್ತಿತ್ತು. ಅದರ ಲೆಕ್ಕ ತಪ್ಪಿದ್ದು ಅಪರೂಪ. ಮಾರಾಟವಾಗದೆ ಉಳಿಯುವ ಪುಸ್ತಕವೆಂಬುದೇ ನಾಡಿನಲ್ಲಿ ಇಲ್ಲವಾಗಿತ್ತು.

ದಿಲ್‌ಶಾದ್ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ವಯಸ್ಸು ಇಪ್ಪತ್ನಾಲ್ಕು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಬುತ್ತಿ ಬಿಚ್ಚುವ ಮೊದಲು ಕೈಯ ಗ್ರೀಸು ತಿಕ್ಕಿ ತೊಳೆದು, ಟೈರಿನ ಮೇಲೆ ಕೂತು ಅವಳು ಚಿತ್ರ ಬಿಡಿಸಿ ಬರೆದ ಚಿತ್ರಕಥೆಯ ಹೆಸರೂ 'ಗ್ರೀಸು'. ಅದರ ನಾಯಕಿ ಸರೋಜವ್ವ ಎಂಬ ಮೆಕ್ಯಾನಿಕ್. ಯಾವ ಅಂಗಡಿಯೂ ಇಡದಿದ್ದರೆ ತಾನೇ ಅಚ್ಚು ಹಾಕಿಸುವುದು, ತಾನೇ ಹಂಚುವುದು ಎಂದು ಅವಳು ಅಂಗಡಿಯ ಮೆಟ್ಟಿಲಿಳಿಯುವಷ್ಟರಲ್ಲೇ ತೀರ್ಮಾನಿಸಿದ್ದಳು. ಆದರೆ ಯಾರಿಗೆ ಎಂಬುದು ತಿಳಿಯಬೇಕಿತ್ತು.

ಅದಕ್ಕಾಗಿ ವಾರದ ರಜೆಯಂದು ಧಾರವಾಡಕ್ಕೆ ಹೋಗಿ, ಯಂತ್ರವನ್ನು ರೂಪಿಸಿದ ವಿಜ್ಞಾನಿ ಡಾ. ಶಿವಲೀಲಾ ಹಂಪಿಹೊಳಿಯವರ ಪ್ರಯೋಗಾಲಯದ ಬಾಗಿಲು ತಟ್ಟಿದಳು. ನರೆಗೂದಲಿನ, ಮೆಲುದನಿಯ ಆಕೆ ಕಥೆಯ ಪ್ರತಿ ಇಸಿದುಕೊಂಡು ಮೇಜಿನ ಮೇಲಿಟ್ಟರು.

"ಆ ಹದಿನೇಳು ಮಂದಿ ಹೆಸರು ಕೊಡ್ರಿ ಮೇಡಂ. ಮನಿಮನಿಗೆ ಹೋಗಿ ಕೊಟ್ಟು ಬರ್ತೀನಿ."

"ಹೆಸರು ಕೊಡಾಕ ಬರೂದಿಲ್ಲವಾ, ಕಾನೂನು ಐತಿ. ಓದಚ್ಚು ಅಂದ್ರ ಒಬ್ಬರ ಮನಸಿನ ಒಳಮನಿ ಇದ್ದಂಗ."

"ಮತ್ತ ನಿಮ್ಮ ಯಂತ್ರಕ್ಕ ಯಾರ ಲೆಕ್ಕ ಗೊತ್ತಿಲ್ಲ, ಅದನ್ನರ ಹೇಳ್ರಿ."

ಶಿವಲೀಲಾ ಅವರಿಗೆ ಈ ಪ್ರಶ್ನೆಯನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ಅವರು ತುಸು ಯೋಚಿಸಿ ಹೇಳಿದರು, "ಓದದವರ ಲೆಕ್ಕ. ಕನ್ನಡಕಾನ ಹಾಕದವರದ್ದು ಓದಚ್ಚು ಎಲ್ಲಿಂದ ಬರಬೇಕು? ಆದ್ರ ಅವರು ಪುಸ್ತಕ ತಗೊಳ್ಳೂದಿಲ್ಲ, ಹಂಗಾಗಿ ಅವರನ್ನ ಎಣಸೂದು ನಮಗ ಬೇಕಾಗಲಿಲ್ಲ."

"ಬಸ್ಸ ಹತ್ತತಾರಲ್ರಿ," ಎಂದಳು ದಿಲ್‌ಶಾದ್.

ಮರುದಿನವೇ ಅವಳು ಡಿಪೋ ಮ್ಯಾನೇಜರರ ಮುಂದೆ ನಿಂತಳು. ಅವರು ಎರಡು ಸಲ ಇಲ್ಲವೆಂದರು. ಮೂರನೆಯ ಸಲ, ಇವಳು ಬಿಡುವವಳಲ್ಲ ಎಂದು ಕಂಡು, "ಒಂದ ಬಸ್ಸು, ಮೂರ ತಿಂಗಳು. ಒಂದು ದೂರು ಬಂದ್ರೂ ಕಿತ್ತ ಹಾಕಬೇಕು," ಎಂದು ಸಹಿ ಮಾಡಿದರು. ಹುಬ್ಬಳ್ಳಿಯಿಂದ ಗದಗಿಗೆ ಹೋಗಿಬರುವ ವಿದ್ಯುತ್ ಬಸ್ಸಿನ ಸೀಟುಗಳ ಬೆನ್ನಿಗೆ, ಮುಂದಿನಿಂದ ಹಿಂದಕ್ಕೆ, ಒಂದೊಂದಕ್ಕೆ ಒಂದೊಂದು ಪುಟದಂತೆ ದಿಲ್‌ಶಾದ್ ಇಡೀ ಕಥೆಯನ್ನು ಅಂಟಿಸಿದಳು. ಇಪ್ಪತ್ಮೂರನೆಯ ಸೀಟಿನ ಬೆನ್ನಿಗೆ ಮಾತ್ರ ಬೆಂಕಿ ಆರಿಸುವ ಸಿಲಿಂಡರ್ ಜೋಡಿಸಿದ್ದರು. ಅಲ್ಲಿ ಪುಟಕ್ಕೆ ಜಾಗವಿರಲಿಲ್ಲ. ಅಲ್ಲಿಯವರೆಗೆ ಯಾರು ಓದುತ್ತಾರೆ ಎಂದುಕೊಂಡು ಅದನ್ನು ಬಿಟ್ಟಳು.

ಮೊದಲ ವಾರ ಯಾರೂ ಕಣ್ಣೆತ್ತಿ ನೋಡಲಿಲ್ಲ. ಒಬ್ಬಾತ ಎಂಟನೆಯ ಪುಟಕ್ಕೆ ಎಲೆಯಡಿಕೆಯ ಸುಣ್ಣ ಒರೆಸಿ ಹೋದ. ದಿಲ್‌ಶಾದ್ ಅದನ್ನು ಕೆರೆದು ತೆಗೆದು ಹೊಸ ಪ್ರತಿ ಅಂಟಿಸಿದಳು. ಎರಡನೆಯ ವಾರ ಕಂಡಕ್ಟರ್ ರೇಣವ್ವ ಡಿಪೋಕ್ಕೆ ಬಂದು ದೂರಿದಳು.

"ಏನ ಹಚ್ಚೀಯವಾ ನನ್ನ ಬಸ್ಸಿಗೆ? ಮಂದಿ ಕುಂತಲ್ಲಿ ಕುಂಡ್ರವಲ್ರು. ಮುಂದಿನ ಪುಟ ನೋಡಬೇಕು ಸರೀರಿ ಅಂತಾರ. ಎದ್ದು ಬರಲಾರದವರು ಅಲ್ಲಿಂದನ ಒದರಿ ಕೇಳತಾರ, ನಿಮ್ಮ ಸೀಟಿನ್ಯಾಗ ಏನಾತರೀ ಅಂತ. ಟಿಕೀಟ್ ಕೊಡೂದು ಬಿಟ್ಟು ನಾನೂ ಓದಿ ಹೇಳಾಕತ್ತೀನಿ."

"ದೂರು ಬರಕೊಡತೀಯೇನು ಅಕ್ಕಾ?"

"ಹುಚ್ಚಿ," ಎಂದಳು ರೇಣವ್ವ. "ಇಪ್ಪತ್ಮೂರನೇ ಪುಟದಾಗ ಏನೈತಿ, ಮೊದಲ ಅದನ್ನ ಹೇಳು."

ಅದೇ ಎಲ್ಲರ ಪ್ರಶ್ನೆಯಾಗಿತ್ತು. ಇಪ್ಪತ್ತೆರಡನೆಯ ಪುಟದಲ್ಲಿ ಸರೋಜವ್ವ ರಾಜೀನಾಮೆ ಪತ್ರ ಹಿಡಿದು ಸಾಹೇಬರ ಕೋಣೆಯ ಬಾಗಿಲಲ್ಲಿ ನಿಂತಿದ್ದಾಳೆ. ಇಪ್ಪತ್ನಾಲ್ಕರಲ್ಲಿ ಬಸ್ಸಿನಡಿ ಮಲಗಿ, ನಟ್ಟು ಬಿಚ್ಚುವ ಪಾನಾ ಹಿಡಿದು ನಗುತ್ತಿದ್ದಾಳೆ. ನಡುವೆ ಏನಾಯಿತು? ಸಾಹೇಬರ ಕಾರೇ ಕೆಟ್ಟು ನಿಂತಿತು, ಅವರು ಕೈಮುಗಿದರು ಎಂದು ನವಲಗುಂದದ ಒಬ್ಬರು ಹೇಳುತ್ತಿದ್ದರು. ಕಪಾಳಕ್ಕೆ ಬಿಟ್ಟಳು ಎಂದು ಗದಗಿನ ಕಾಲೇಜು ಹುಡುಗಿಯರು ಸಾಧಿಸುತ್ತಿದ್ದರು. ವಾದ ಬಸ್ಸಿನಿಂದಿಳಿದು ಚಹಾದಂಗಡಿಗೆ, ಅಲ್ಲಿಂದ ಸಂತೆಗೆ ಹೋಯಿತು. ಕಥೆ ನೋಡದವರೂ ಪಕ್ಷ ಹಿಡಿದರು. ಗದಗಿನ ಹಳೆಯ ಮುದ್ರಣಾಲಯವೊಂದರಲ್ಲಿ ದಿಲ್‌ಶಾದ್ ಹಾಕಿಸಿದ ಐನೂರು ಪ್ರತಿಗಳು ಹನ್ನೆರಡು ದಿನಕ್ಕೆ ಮುಗಿದವು. ಮತ್ತೆ ಅಚ್ಚಾಯಿತು, ಮತ್ತೆ ಮುಗಿಯಿತು.

ಒಂದು ಮುಂಜಾನೆ ಡಾ. ಶಿವಲೀಲಾ ಡಿಪೋಕ್ಕೆ ಬಂದರು. "ಯಂತ್ರಕ್ಕ ನಿನ್ನ ಕಥೀನ ಮತ್ತ ಓದಿಸಿದೆ," ಎಂದರು. "ಈಗೂ ಹದಿನೇಳನ ಅಂತೈತಿ. ಸುಳ್ಳಲ್ಲ ಅದು. ಒಬ್ಬೊಬ್ಬರ ಕುಂತು ಓದೂವರು ಅಷ್ಟ ಮಂದಿ. ನಾವು ಇಷ್ಟು ವರ್ಷ ಒಬ್ಬೊಬ್ಬರನ್ನ ಎಣಿಸಿದ್ವಿ. ಇಬ್ಬರು ಕೂಡಿ ಜಗಳಾಡಿದ್ರ ಮೂರನೇದವರು ಬರ್ತಾರ ಅನ್ನೂದು ನಮಗ ಹೊಳೀಲಿಲ್ಲ." ಆಮೇಲೆ ಸುತ್ತ ಯಾರೂ ಇಲ್ಲವೆಂದು ನೋಡಿ, "ಬಸ್ಸಿನ್ಯಾಗ ನೋಡಿದಾಗ ಕಾರು ಕೆಟ್ಟಿತ್ತು ಅನಸ್ತಿತ್ತು ನನಗ," ಎಂದು ಒಪ್ಪಿಕೊಂಡರು.

ಪುಸ್ತಕದಲ್ಲಿ ಕಾರೂ ಇರಲಿಲ್ಲ, ಕಪಾಳವೂ ಇರಲಿಲ್ಲ. ಸರೋಜವ್ವ ಪತ್ರವನ್ನು ತಾನೇ ಹರಿದು, ತಲೆಯೆತ್ತಿ ಹೊರನಡೆಯುತ್ತಿದ್ದಳು. ದಿಲ್‌ಶಾದಳಿಗೆ ಬಹಳ ಇಷ್ಟವಾದ ಪುಟ ಅದು.

ಮೂರು ತಿಂಗಳ ಗಡುವು ಮುಗಿಯುವ ವಾರ, ಅಣ್ಣಿಗೇರಿಯಿಂದ ಮೆಣಸಿನಕಾಯಿ ವ್ಯಾಪಾರದ ನೀಲವ್ವ ಎಂಬ ಮುದುಕಿ ಡಿಪೋ ಹುಡುಕಿಕೊಂಡು ಬಂದಳು. ಓದು ಬಾರದವಳು. ರೇಣವ್ವನ ಬಾಯಿಂದ ಕಥೆ ಕೇಳಿದ್ದಳು. ಕೈಯಲ್ಲಿ ಪುಸ್ತಕವಿತ್ತು. ದಿಲ್‌ಶಾದಳ ಎದುರಿಗೆ ಕೂತು ಇಪ್ಪತ್ಮೂರನೆಯ ಪುಟ ತೆಗೆದು ಬೆರಳಿಟ್ಟಳು.

"ಇದು ತಪ್ಪೈತಿ, ಮಗಳ."

"ಹೆಂಗ, ಆಯಿ?"

"ನನ್ನ ಗಂಡ ಸತ್ತ ಮರುವಾರ ನಾ ಗಂಟು ಹೊತ್ತು ಬಜಾರಕ್ಕ ಹೋದೆ. ಗಂಡಸರು ಜಾಗಾ ಕೊಡಲಿಲ್ಲ. ತಲಿ ಎತ್ತಿ ನಡದೇನಿ ಅಂತ ಮಾಡೀಯೇನು? ನೀರಿನ ನಳದ ಹಿಂದ ಕುಂತು ಅತ್ತೆ. ಆಮ್ಯಾಲ ಮಾರಿ ತೊಳಕೊಂಡು, ಹೋಗಿ ನಡುವ ಕುಂತೆ. ನೀ ಆಕೀನ ಅಳಾಕ ಬಿಟ್ಟಿಲ್ಲ."

ಕೆಲಸಕ್ಕೆ ಸೇರಿದ ಮೊದಲ ತಿಂಗಳು, ರಾಜೀನಾಮೆ ಬರೆದುಕೊಂಡು, ಬಸ್ಸು ತೊಳೆಯುವ ಕಟ್ಟೆಯ ಹಿಂದೆ ಪೂರ್ತಿ ಒಂದು ತಾಸು ದಿಲ್‌ಶಾದ್ ಕೂತಿದ್ದಳು. ಮೂರು ವರ್ಷ ಬರೆದ ಪುಸ್ತಕದಲ್ಲಿ ಆ ಒಂದು ತಾಸನ್ನು ಎಲ್ಲೂ ಬರೆದಿರಲಿಲ್ಲ, ಯಾರಿಗೂ ಹೇಳಿರಲೂ ಇಲ್ಲ.

ಅವಳು ಎದ್ದು ಹೋಗಿ ಕೈ ತೊಳೆದು ಬಂದಳು. ಹೊಸ ಹಾಳೆ ತೆಗೆದು ಟೈರಿನ ಮೇಲೆ ಹಾಸಿದಳು.

"ಆಯಿ, ನಳದ ಹಿಂದ ಹೆಂಗ ಕುಂತಿದ್ದಿ? ಒಂದೀಟು ಕುಂತು ತೋರಸು," ಎಂದಳು.

ನೀಲವ್ವ ಸೆರಗು ಸರಿಪಡಿಸಿಕೊಂಡು, ನೆಲಕ್ಕೆ ಜಾರಿ, ಮೊಣಕಾಲಿಗೆ ಗದ್ದ ಹಚ್ಚಿ ಕೂತಳು. ದಿಲ್‌ಶಾದ್ ಚಿತ್ರ ಬರೆಯತೊಡಗಿದಳು.