ಗೋಡೆ ಕಡೆಗಿದ್ದ ಬಾಗಿಲು

"ಯಾರ್ರೀ ಅದು? ನಿಲ್ಲಿಸ್ರೀ! ಒಳಗೆ ನಾನಿದ್ದೀನಿ!"

ಪುಟ್ಟಿ ಎರಡೂ ಕೈಯಿಂದ ಕಿಟಕಿಯ ಗಾಜು ಬಡಿದಳು. ಕಾಲಡಿಯ ನೆಲ ಒಮ್ಮೆ ಜಗ್ಗಿತು, ಹಿಂದಕ್ಕೆ ಸರಿಯಿತು, ಆಮೇಲೆ ಗಕ್ಕನೆ ನಿಂತಿತು. ಅವಳು ಬಿದ್ದು ಎದ್ದು ಬಾಗಿಲಿಗೆ ಓಡಿ ಜೋರಾಗಿ ತಳ್ಳಿದಳು. ಬಾಗಿಲು ನಾಲ್ಕು ಬೆರಳಷ್ಟು ತೆರೆದು ಟಣ್ ಎಂದು ಕಾಂಪೌಂಡ್ ಗೋಡೆಗೆ ತಾಗಿತು.

ಇನ್ನೊಮ್ಮೆ ತಳ್ಳಿದಳು. ಮತ್ತೆ ಟಣ್!

ಅದು ಅಪ್ಪನ ಕ್ಯಾರವಾನ್. ಸ್ವಂತ ಎಂಜಿನ್ ಇಲ್ಲದ, ಬೇರೆ ಗಾಡಿಯ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ, ಚಕ್ರದ ಮೇಲಿನ ಪುಟ್ಟ ಮನೆ. ಜೀವಮಾನವಿಡೀ ಒಂದೇ ರೂಟಿನಲ್ಲಿ ಬಸ್ ಓಡಿಸಿದ್ದ ಅಪ್ಪ, ರೂಟೇ ಇಲ್ಲದ ಊರುಗಳನ್ನು ನೋಡಬೇಕೆಂದು ಅದನ್ನು ಕೊಂಡಿದ್ದರು. ನೋಡಲಿಲ್ಲ. ಎದೆನೋವು ಅವಕಾಶ ಕೊಡಲಿಲ್ಲ. ಕಣ್ಣು ಮುಚ್ಚುವ ಮೊದಲು ಅಣ್ಣನ ಎದುರಿಗೇ ಕೀಲಿಯನ್ನು ಪುಟ್ಟಿಯ ಕೈಗಿಟ್ಟು, "ಇದು ನಿಂದು ಮಗಳೇ" ಎಂದಿದ್ದರು.

ಮನೆಯ ಮುಂದೆ ನಿಂತಿದ್ದ ಅದನ್ನು ನೋಡಿ ಬೀದಿಯವರು ಗೊಣಗಲು ಶುರು ಮಾಡಿದರು. ಹೀಗಾಗಿ ಅಣ್ಣ ಇವತ್ತು ಒಬ್ಬ ಮೆಕ್ಯಾನಿಕ್‌ನನ್ನು ಕರೆಸಿ, ಮನೆಗೂ ಕಾಂಪೌಂಡಿಗೂ ನಡುವಿನ ಓಣಿಯೊಳಗೆ ಅದನ್ನು ಹಿಮ್ಮುಖವಾಗಿ ನುಗ್ಗಿಸಿದ್ದ. ಅಡುಗೆಮನೆಯ ಬಾಗಿಲಿಗೆ ದಾರಿ ಬೇಕಲ್ಲ, ಗೋಡೆಗೆ ಆದಷ್ಟು ಒತ್ತಿ ನಿಲ್ಲಿಸಿ ಎಂದಿದ್ದ. ಬಾಗಿಲು ಯಾವ ಕಡೆ ಇದೆ, ಒಳಗೆ ಯಾರಿದ್ದಾರೆ ಅಂತ ಯಾರೂ ನೋಡಲಿಲ್ಲ. ಒಳಗಿದ್ದದ್ದು ಪುಟ್ಟಿ! ಬೆಳಿಗ್ಗೆ ಅಣ್ಣ ಅವಳಿಗೆ ಬಂದ ಇನ್ನೊಂದು ಸಂಬಂಧವನ್ನು ಹೊಸ್ತಿಲಲ್ಲೇ ಬೇಡವೆಂದು ಕಳಿಸಿದ್ದ. ಆ ಮನೆಯಲ್ಲಿ ಒಂದಿಷ್ಟು ಅಳುವುದಕ್ಕೆ ಬೇರೆ ಜಾಗ ಎಲ್ಲಿತ್ತು?

ಕಿಟಕಿಯಾಚೆ ಒಂದು ಮುಖ ಕಾಣಿಸಿತು. ಗಾಬರಿಯಿಂದ ಬೆವೆತಿತ್ತು.

"ಅಯ್ಯಯ್ಯೋ! ಗಾಡಿ ಖಾಲಿ ಅಂದ್ರಲ್ಲ ನಿಮ್ಮಣ್ಣ!"

"ಕಣ್ಣು ಹಿಂದೆ ಇಟ್ಕೊಂಡು ಗಾಡಿ ಓಡಿಸ್ತೀರೇನ್ರೀ?"

"ರಿವರ್ಸ್ ಅಲ್ವಾ ಮೇಡಂ... ಹಿಂದೇನೇ ಇಟ್ಕೋಬೇಕು."

ಅತ್ತು ಕೆಂಪಾಗಿದ್ದ ಮುಖದಲ್ಲೇ ಪುಟ್ಟಿಗೆ ಫಕ್ಕನೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ.

ಅವನು ಸ್ಟೂಲ್ ತಂದಿಟ್ಟು ಕಿಟಕಿಯ ಗಾಜನ್ನು ಪೂರ್ತಿ ಮೇಲಕ್ಕೆತ್ತಿದ. ಕೈಯನ್ನು ಬಟ್ಟೆಗೆ ಎಷ್ಟು ಒರೆಸಿಕೊಂಡರೂ ಗ್ರೀಸ್ ಹೋಗಲಿಲ್ಲ.

"ನನ್ನ ಭುಜ ಹಿಡ್ಕೊಂಡು ಇಳೀರಿ. ನಾನು ಕೈ ಹಿಂದೆ ಕಟ್ಕೊಂಡಿರ್ತೀನಿ."

ಸತ್ಯವಾಗಿಯೂ ಕೈ ಹಿಂದೆ ಕಟ್ಟಿಕೊಂಡು ನಿಂತ! ಪುಟ್ಟಿ ಆ ಭುಜ ಹಿಡಿದು ಇಳಿದಳು. ನೆಲಕ್ಕೆ ಕಾಲು ತಾಗಿದ ಮೇಲೂ ಒಂದು ಗಳಿಗೆ ಕೈ ಅಲ್ಲೇ ಉಳಿಯಿತು.

"ಸಾರ್, ನನ್ನದೇ ತಪ್ಪು," ಅವನು ಅಣ್ಣನಿಗೆ ಹೇಳಿದ. "ಹೊರಗೆ ಎಳೆದು, ತಿರುಗಿಸಿ, ನಾಲ್ಕು ಜನ ಸೇರಿ ಮೂತಿ ಮುಂದಾಗಿ ತಳ್ಳಿಬಿಡೋಣ. ಆಗ ಬಾಗಿಲು ಮನೆ ಕಡೆ ಬರುತ್ತೆ."

"ಯಾಕೆ? ಯಾರಿಗೆ ಒಳಗೆ ಹೋಗೋದಿದೆ?" ಅಣ್ಣ ನಕ್ಕ. "ಹಾಗೇ ಇರ್ಲಿ ಬಿಡಿ."

ಪುಟ್ಟಿಯ ನಗು ಅಲ್ಲೇ ಇಂಗಿಹೋಯಿತು.

ಅಣ್ಣ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಅವಳು ಯಾವತ್ತೋ ಜಗಳವಾಡಿ ಹೋಗಿಬಿಡುತ್ತಿದ್ದಳು! ಅಣ್ಣ, ಅತ್ತಿಗೆ ಇಬ್ಬರೂ ಕೆಲಸಕ್ಕೆ ಹೋಗುವವರು. ಅವಳಿ ಮಕ್ಕಳನ್ನು ಎಬ್ಬಿಸಿ, ಶಾಲೆಗೆ ಬಿಟ್ಟು, ಕರೆತಂದು, ಮಧ್ಯೆ ಸಿಕ್ಕ ಹೊತ್ತಿನಲ್ಲಿ ಮೂಲೆಯ ಮಷೀನಿನಲ್ಲಿ ಊರವರ ಪರದೆ, ಸೋಫಾ ಕವರ್ ಹೊಲಿಯುವವಳು ಪುಟ್ಟಿ. "ನೀನಿಲ್ದೆ ಈ ಮನೆ ಒಂದು ದಿನ ನಡೆಯಲ್ಲ ಪುಟ್ಟಿ," ಎಂದು ಅಣ್ಣ ಪ್ರೀತಿಯಿಂದ ಹೇಳುತ್ತಿದ್ದ. ಮೊದಮೊದಲು ಆ ಮಾತಿಗೆ ಅವಳು ಉಬ್ಬುತ್ತಿದ್ದಳು. ಈಗ ಅದು ಕಿವಿಗೆ ಬಿದ್ದರೆ ಸಾಕು, ಹೊರಗಿನಿಂದ ಯಾರೋ ಚಿಲಕ ಹಾಕಿದ ಹಾಗಾಗುತ್ತಿತ್ತು.

ಗಾಡಿ ತುಕ್ಕು ಹಿಡಿದು ಬೀದಿಯವರು ಮತ್ತೆ ಗೊಣಗಬಾರದೆಂದು ಅಣ್ಣನೇ ಮೆಕ್ಯಾನಿಕ್‌ಗೆ ತಿಂಗಳಿಗೊಮ್ಮೆ ಬಂದು ಗಾಡಿ ನೋಡಿಕೊಳ್ಳಲು ಹೇಳಿದ. ತಾನೇ ಕರೆದು ಕೂರಿಸಿಕೊಂಡ ಹಾಗಾಯಿತು, ಪಾಪ!

"ಹ್ಯಾಂಡ್ ಬ್ರೇಕ್ ಹಾಕಿಲ್ವಲ್ಲ, ಉರುಳಿ ಹೋಗಲ್ವಾ?" ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು.

"ತಿಂಗಳುಗಟ್ಟಲೆ ಹಾಕಿಟ್ರೆ ಬ್ರೇಕ್ ಹಿಡ್ಕೊಂಡ್ಬಿಡುತ್ತೆ ಮೇಡಂ. ಆಮೇಲೆ ಬಿಡು ಅಂದ್ರೂ ಬಿಡಲ್ಲ. ಅದಕ್ಕೇ ಬ್ರೇಕ್ ಬಿಟ್ಟು, ಚಕ್ರಕ್ಕೆ ಈ ಮರದ ತುಂಡು ಕೊಡೋದು. ಟೈರೂ ಅಷ್ಟೇ, ಒಂದೇ ಜಾಗದಲ್ಲಿ ನಿಂತ್ರೆ ತಳ ಚಪ್ಪಟೆಯಾಗುತ್ತೆ. ಆಗಾಗ ಒಂಚೂರು ಸರಿಸ್ತಿರ್ಬೇಕು."

"ಮನುಷ್ಯರೂ ಹಾಗೇನಾ?"

ಅವನು ಜಾಕಿ ಕೆಳಗಿಟ್ಟು ಅವಳನ್ನೇ ನೋಡಿದ.

"ಮನುಷ್ಯರ ವಿಷಯ ನಂಗೊತ್ತಿಲ್ಲ. ಆದ್ರೆ ನಮ್ಮ ಗ್ಯಾರೇಜ್ ಶಾಲೆಯಿಂದಾಚೆ ಇದೆ, ನೀವು ಶಾಲೆ ಬೀದಿ ದಾಟಿ ಆಚೆ ಹೋಗಿದ್ದನ್ನ ನಾನಂತೂ ನೋಡಿಲ್ಲ."

ಪುಟ್ಟಿಯ ಕಣ್ಣು ತುಂಬಿಬಂತು. ಇಷ್ಟು ವರ್ಷದಲ್ಲಿ ಇದನ್ನು ಗಮನಿಸಿದವನು ಇವನೊಬ್ಬನೇ!

ಮುಂದಿನ ಸಲ ಅವನು ಬರುವಷ್ಟರಲ್ಲಿ ಅವಳು ಚಕ್ರಗಳಿಗೆ ಬಿಸಿಲು ತಾಗದಂತೆ ಕವರ್ ಹೊಲಿದಿಟ್ಟಿದ್ದಳು. ಯಾರದೋ ಪರದೆಯಲ್ಲಿ ಉಳಿದ ನೀಲಿ ಬಟ್ಟೆ, ಅಂಚಿಗೆ ಹಳದಿ ಪಟ್ಟಿ. ಅವನು ಅದನ್ನು ಹೊರಳಿಸಿ ಹೊರಳಿಸಿ ನೋಡಿ, "ಚಕ್ರಕ್ಕೆ ಅಂಗಿ ಹೊಲಿದವರನ್ನ ಇದೇ ಮೊದ್ಲು ನೋಡಿದ್ದು," ಎಂದ.

ಇನ್ನೊಂದು ಸಲ ಇಬ್ಬರೂ ಕಿಟಕಿಯಿಂದ ಹತ್ತಿ ಒಳಗೆ ತೇವ ಹಿಡಿದಿದೆಯೇ ಎಂದು ನೋಡುತ್ತಿದ್ದಾಗ, ಯಾರಿಗೂ ಹೇಳದ ಮಾತನ್ನು ಅವಳು ಅವನಿಗೆ ಹೇಳಿಬಿಟ್ಟಳು. "ಮಷೀನನ್ನ ಇದರಲ್ಲಿಟ್ಕೊಂಡು ಊರೂರು ಸುತ್ತಬೇಕು. ಹೋದಲ್ಲೆಲ್ಲ ಹೊಲಿಬೇಕು. ನಗ್ತೀರಾ?"

ಅವನು ನಗಲಿಲ್ಲ. ಜೇಬಿನಿಂದ ಟೇಪ್ ತೆಗೆದು ಕಿಟಕಿಯ ಕೆಳಗಿನ ಜಾಗ ಅಳೆದ. "ಇಲ್ಲಿ ಎರಡು ಬೋಲ್ಟ್ ಹಾಕಿದ್ರೆ ಮಷೀನ್ ಅಲುಗಾಡಲ್ಲ. ಬೆಳಕೂ ಬೀಳುತ್ತೆ."

ಯಾರಾದರೂ ಹೂ ಕೊಟ್ಟರೂ ಅವಳ ಎದೆ ಅಷ್ಟು ಹೊಡೆದುಕೊಳ್ಳುತ್ತಿತ್ತೋ ಇಲ್ಲವೋ! *ನೀವೆಂದರೆ ಇಷ್ಟ ಎಂದು ಇವನಿಗೆ ಹೇಳಿಬಿಡಲೇ?* ಎಂದುಕೊಂಡಳು. ಅಷ್ಟರಲ್ಲಿ ಹೊರಗಿನಿಂದ ಅಣ್ಣನ ದನಿ ಬಂತು.

"ಪುಟ್ಟೀ! ಎಲ್ಲಿದ್ದೀಯಾ?"

ಇಬ್ಬರೂ ಒಬ್ಬರ ಹಿಂದೊಬ್ಬರು ಕಿಟಕಿಯಿಂದ ಇಳಿಯುವುದನ್ನು ಅಣ್ಣ ನೋಡಿದ. ಅವತ್ತಿನಿಂದ ಅವನ ಮುಖ ಬಿಗಿಯಾಯಿತು.

ಕೆಲವು ದಿನಗಳ ಮೇಲೆ ಪುಟ್ಟಿ ಮಕ್ಕಳನ್ನು ಶಾಲೆಯಿಂದ ಕರೆದುಕೊಂಡು ಗೇಟಿಗೆ ಬಂದವಳು ಅಲ್ಲೇ ನಿಂತುಬಿಟ್ಟಳು.

ಕ್ಯಾರವಾನ್ ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂತಿತ್ತು. ಚಕ್ರಗಳಿರಲಿಲ್ಲ. ಮೆಕ್ಯಾನಿಕ್ ಅವನ್ನು ತನ್ನ ಪಿಕಪ್ಪಿಗೆ ತುಂಬುತ್ತಿದ್ದ. ಪಕ್ಕದಲ್ಲಿ ಅಣ್ಣ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ.

"ಏನ್ ಮಾಡ್ತಿದ್ದೀರಿ?"

"ಮಳೆಗಾಲ ಬರ್ತಿದೆ. ಬಿಚ್ಚಿಟ್ರೆ ಟೈರ್ ಉಳಿಯುತ್ತೆ..." ಅವನು ಒಮ್ಮೆ ಅಣ್ಣನ ಕಡೆ ನೋಡಿ ಮಾತು ನುಂಗಿದ. "ನನ್ನ ನಂಬಿ."

"ನಾನೇ ಹೂಂ ಅಂದೆ ಪುಟ್ಟಿ," ಅಣ್ಣ ಹೇಳಿದ. "ಅದಿನ್ನು ಎಲ್ಲಿಗೆ ಹೋಗ್ಬೇಕು?"

ಓಹೋ! ಇಬ್ಬರೂ ಒಂದಾಗಿದ್ದಾರೆ! ಬಾಗಿಲು ಗೋಡೆಗೆ ಒತ್ತಿದವನೂ ಇವನೇ, ಈಗ ಇದ್ದ ಕಾಲನ್ನೂ ಕಿತ್ತವನು ಇವನೇ. ಟೇಪ್ ಹಿಡಿದು ಅಳತೆ ತೆಗೆದದ್ದೆಲ್ಲ ಬರೀ ನಾಟಕವೇ?

"ನನ್ನ ಕನಸು ಕೇಳಿ ತಿಳ್ಕೊಂಡು ಅದರ ಕಾಲೇ ಮುರಿದ್ರಿ ಅಲ್ವಾ? ಇನ್ನು ನಿಮ್ಮ ಮುಖ ನೋಡಲ್ಲ ನಾನು!"

ಅವನು ಕೊನೆಯ ಚಕ್ರ ತುಂಬಿ ಪಿಕಪ್ ಹತ್ತಿದ. ಪಿಕಪ್ ಹೊರಟುಹೋಯಿತು. ಪುಟ್ಟಿ ಅವನ ನಂಬರನ್ನು ಬ್ಲಾಕ್ ಮಾಡಿ, ಮಷೀನಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಅಡುಗೆಮನೆಯ ಕಿಟಕಿಗೆ ಬೆನ್ನು ಹಾಕಿಯೇ ಕೆಲಸ ಮಾಡುವುದು ರೂಢಿಯಾಯಿತು. ಆಚೆ ಕಾಣುತ್ತಿದ್ದುದು ಆ ಕಾಲಿಲ್ಲದ ಗಾಡಿ ಒಂದೇ.

ಭಾನುವಾರ ಗೇಟಿನ ಹೊರಗೆ ದೊಡ್ಡ ಜೀಪೊಂದು ಬಂದು ನಿಂತಿತು. ಅಪರಿಚಿತನೊಬ್ಬ ಸರಪಳಿ ಹಿಡಿದು ಓಣಿಯೊಳಗೆ ಬಂದ. ಗಾಡಿಯ ಅಡಿಗೆ ಬಗ್ಗಿ ನೋಡಿ, ಸರಪಳಿಯನ್ನು ನೆಲಕ್ಕೆ ಬಿಸಾಡಿದ.

"ಏನ್ ಸಾರ್ ಇದು? ಎಳ್ಕೊಂಡ್ ಹೋಗಿ ಅಂದ್ರಿ, ಚಕ್ರಾನೇ ಇಲ್ವಲ್ಲ! ತಲೆ ಮೇಲೆ ಹೊತ್ಕೊಂಡ್ ಹೋಗ್ಲಾ?"

ಅಣ್ಣ ಇಂಗು ತಿಂದ ಮಂಗನಂತಾದ. "ಛೇ! ಹೇಳಿದ ದಿನ ಚಕ್ರ ಹಾಕ್ಕೊಡ್ತೀನಿ ಅಂದಿದ್ದ, ಬೇಕಂತಲೇ ಬರ್ಲಿಲ್ಲ! ಮಾರೋ ವಿಷಯ ಅವನಿಗ್ಹೇಗೆ ಗೊತ್ತಾಯ್ತು?"

"ನಾನೇ ಹೇಳಿದ್ದೆ ಸಾರ್. ಗಾಡಿ ಅಡಿ ಭಾಗ ಗಟ್ಟಿಯಿದೆಯಾ ಅಂತ ಅವನ ಗ್ಯಾರೇಜಲ್ಲೇ ವಿಚಾರಿಸಿದ್ದು."

ಗದ್ದಲ ಕೇಳಿ ಹೊಲಿಗೆ ಬಿಟ್ಟು ಬಂದಿದ್ದ ಪುಟ್ಟಿಯ ಕೈಯಿಂದ ಕತ್ತರಿ ಜಾರಿತು.

*ಚಕ್ರ ಇದ್ದಿದ್ದರೆ... ಇವತ್ತು ಗಾಡಿ ಇಲ್ಲಿರುತ್ತಿರಲಿಲ್ಲ!*

"ಅಣ್ಣಾ, ಅಪ್ಪ ನಂಗೆ ಕೊಟ್ಟಿದ್ದನ್ನ ಮಾರ್ತಿದ್ಯಾ? ನಂಗೆ ಒಂದ್ ಮಾತೂ ಹೇಳ್ದೆ?"

ಅಣ್ಣ ತಲೆ ತಗ್ಗಿಸಿದ.

"ಅದು ಇಲ್ಲಿದ್ರೆ ನೀನು ಒಂದಿನ ಹೋಗೇ ಹೋಗ್ತೀಯ ಅನ್ನಿಸ್ತು ಪುಟ್ಟಿ... ಅಪ್ಪ ಹೋದ್ರು. ನೀನೂ ಹೋದ್ರೆ ನಂಗೆ ಯಾರಿದ್ದಾರೆ?"

"ಹಾಗಂತ ಕೂಡಿಹಾಕ್ತೀಯಾ? ಕೇಳಿದ್ರೆ ಇರ್ತಿದ್ನೇನೋ ಅಣ್ಣ. ನೀನು ಕೇಳ್ಲೇ ಇಲ್ಲ!"

ಅತ್ತಿಗೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಅವಳು ಪುಟ್ಟಿಯ ಚಪ್ಪಲಿಯನ್ನು ಮುಂದಕ್ಕೆ ಸರಿಸಿದಳು.

"ಆ ಹುಡುಗ ಎರಡು ಸಲ ಗೇಟ್ ತನಕ ಬಂದಿದ್ದ. ನೀನು ಅವನ ಮುಖ ನೋಡಲ್ಲ ಅಂದಿದ್ದೀಯ ಅಂತ ಇವ್ರು ವಾಪಸ್ ಕಳ್ಸಿದ್ರು. ನಾನೂ ಸುಮ್ನಿದ್ದೆ... ನಂಗೂ ನೀನು ಮನೇಲಿದ್ರೆ ಆರಾಮಾಗಿತ್ತು. ಹೋಗು ಪುಟ್ಟಿ. ಮಕ್ಕಳನ್ನ ನಾನು ನೋಡ್ಕೋತೀನಿ."

ಪುಟ್ಟಿ ಶಾಲೆಯ ಬೀದಿಯನ್ನು ದಾಟಿದಳು. ಅದರಾಚೆಯ ಬೀದಿಯನ್ನೂ ದಾಟಿದಳು. ಏದುಸಿರು ಬಿಡುತ್ತಾ ಗ್ಯಾರೇಜಿಗೆ ಕಾಲಿಟ್ಟಳು.

ಒಳಗಿನ ಮೂಲೆಯಲ್ಲಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲೆ, ಅವಳ ಚಕ್ರಗಳಿದ್ದವು. ಮೈಮೇಲೆ ಅದೇ ನೀಲಿ ಕವರ್, ಹಳದಿ ಅಂಚು. ಇಡೀ ಗ್ಯಾರೇಜಿನಲ್ಲಿ ಎಣ್ಣೆಯ ಕಲೆ ಇಲ್ಲದಿದ್ದ ವಸ್ತು ಅದೊಂದೇ.

ಕಾರಿನಡಿಯಿಂದ ಅವನು ಈಚೆ ಬಂದು, ಅವಳನ್ನು ಕಂಡು ಎದ್ದು ನಿಂತ.

"ಯಾಕ್ರೀ ಅವತ್ತೇ ಹೇಳ್ಲಿಲ್ಲ?"

"ನಿಮ್ಮಣ್ಣ ಪಕ್ಕದಲ್ಲೇ ಇದ್ರು. ಹೇಳಿದ್ರೆ ಚಕ್ರ ತಗೊಂಡ್ಹೋಗೋಕೆ ಬಿಡ್ತಿದ್ರಾ? ಆಮೇಲೆ ಫೋನ್ ಮಾಡಿದೆ..."

"ಬ್ಲಾಕ್ ಮಾಡಿದ್ದೆ."

"ಗೊತ್ತಾಯ್ತು." ಅವನು ಮೆಲ್ಲಗೆ ನಕ್ಕ. "ದಿನಾ ಮಾಡ್ತಿದ್ದೆ."

"ನಾನು ಹಾಗೆಲ್ಲ ಬೈದ್ರೂನಾ?"

"ನೀವು ಬೈದ್ರೂ ಸರಿ, ಬಿಟ್ರೂ ಸರಿ... ನಿಮ್ಮ ಗಾಡಿ ನಿಮ್ಮ ಹತ್ರ ಉಳೀಬೇಕು ಅನ್ನೋದೊಂದೇ ನನ್ನ ತಲೇಲಿತ್ತು. ನೀವು ಅದ್ರಲ್ಲಿ ನನ್ನ ಬಿಟ್ಟೇ ಹೋಗ್ತೀರೇನೋ ಅಂತಾನೂ ಅನ್ನಿಸ್ತಿತ್ತು. ಆದ್ರೂ ಉಳೀಬೇಕಿತ್ತು." ಅವನು ಸ್ಪ್ಯಾನರ್ ಕೆಳಗಿಟ್ಟ. "ನಂಗೆ ನೀವಂದ್ರೆ ಪ್ರಾಣ. ಅವತ್ತು ಕಿಟಕಿಯಿಂದ ಇಳಿದ್ರಲ್ಲ, ಅವತ್ತಿಂದ."

ಪುಟ್ಟಿ ಅಳುತ್ತಲೇ ಮುಂದೆ ಬಂದು ಅವನ ಭುಜ ಹಿಡಿದಳು.

"ನಂಗೂ... ಅವತ್ತಿಂದಾನೇ!"

ಅವನು ಈ ಸಲವೂ ಕೈಯನ್ನು ಹಿಂದೆ ಕಟ್ಟಿಕೊಂಡಿದ್ದ. ಅವಳೇ ಆ ಗ್ರೀಸಿನ ಕೈಗಳನ್ನು ಬಿಡಿಸಿ, ಮುಂದಕ್ಕೆ ತಂದು, ತನ್ನ ಕೈಯೊಳಗೆ ಹಿಡಿದುಕೊಂಡಳು.

ಸಂಜೆ ಬಿಸಿಲು ಇನ್ನೂ ಓಣಿಯಲ್ಲಿದ್ದಾಗಲೇ ಚಕ್ರಗಳು ತಮ್ಮ ಜಾಗಕ್ಕೆ ಬಂದವು. ಅಣ್ಣ ದೂರ ನಿಂತು ನೋಡುತ್ತಿದ್ದ. ಆಮೇಲೆ ತಾನೇ ಬಂದು, ಬಗ್ಗಿ, ಚಕ್ರದಡಿಯ ಮರದ ತುಂಡುಗಳನ್ನು ಒಂದೊಂದಾಗಿ ತೆಗೆದಿಟ್ಟ. ಪುಟ್ಟಿ ಅಣ್ಣನ ಬೆನ್ನ ಮೇಲೆ ಒಂದು ಗಳಿಗೆ ಕೈಯಿಟ್ಟಳು.

ಪಿಕಪ್ ಮೆಲ್ಲಗೆ ಎಳೆಯಿತು. ಕ್ಯಾರವಾನ್ ಗೋಡೆ ಬಿಟ್ಟು, ಗೇಟು ದಾಟಿ, ಬೀದಿಗೆ ಬಂದು ನಿಂತಿತು. ಮಕ್ಕಳು ಕುಣಿದು ಕುಪ್ಪಳಿಸಿದರು. ಪುಟ್ಟಿ ಅಪ್ಪನ ಕೀಲಿ ತಿರುಗಿಸಿ ಬಾಗಿಲು ಎಳೆದಳು. ಅದು ಎಲ್ಲೂ ತಾಗದೆ ಪೂರ್ತಿ ತೆರೆದುಕೊಂಡಿತು.

"ಊರೂರು ಸುತ್ತಿ ವಾಪಸ್ ಬಂದ್ಮೇಲೆ ಮತ್ತೆ ಇದೇ ಓಣೀಲಿ ನಿಲ್ಲಿಸ್ಬೇಕಲ್ಲ ಪುಟ್ಟಿ," ಅವನು ಮೊದಲ ಸಲ ಹೆಸರು ಹಿಡಿದು ಕೇಳಿದ. "ಈ ಸಲ ಕೇಳ್ಕೊಂಡೇ ನಿಲ್ಲಿಸ್ತೀನಿ. ಬಾಗಿಲು ಯಾವ ಕಡೆ ಇರ್ಲಿ?"

ಮೆಟ್ಟಿಲ ಮೇಲೆ ನಿಂತಿದ್ದ ಅವಳು ಬಗ್ಗಿ, ಅವನ ಕೆನ್ನೆಯ ಮೇಲಿನ ಗ್ರೀಸನ್ನು ಬೆರಳಿನಿಂದ ಒರೆಸಿದಳು.

"ನೀವಿರೋ ಕಡೆ."