ಸೀರೆಯ ಕೆಳಗಿನ ಪುಡಿ

“ನನ್ನ ಮಗಗ ಮದ್ದು ಹಾಕಿದಿ ಅಲ್ಲೇನ! ಅದಕ್ಕ ಅವನು ಹಿಂಗ ಸೊರಗ್ಯಾನ!”

ಸೊಸೆ ಸುಕನ್ಯಾಳ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಸಿಕ್ಕ ಪುಡಿಯ ಪೊಟ್ಟಣವನ್ನು ನಾಗಲಿಂಗಮ್ಮ ನಡುಮನೆಗೆ ಎಸೆದಳು. ಗಂಡನನ್ನು ಕೈಯೊಳಗಿಟ್ಟುಕೊಳ್ಳಲು ಹೆಂಡತಿ ಅನ್ನದಲ್ಲಿ ಕಲೆಸುವ ಕೈಮದ್ದೇ ಇದೆಂದು ಅವಳಿಗೆ ಖಾತ್ರಿಯಾಗಿಬಿಟ್ಟಿತ್ತು.

ಕೊಟ್ಟೂರಿನ ಪೇಟೆಯ ಬಟ್ಟೆ ಅಂಗಡಿಯಿಂದ ಊಟಕ್ಕೆಂದು ಬಂದ ಮಗ ಪಾಲಾಕ್ಷ ಹೊಸ್ತಿಲಲ್ಲೇ ನಿಂತುಬಿಟ್ಟ. ಆ ಪುಡಿ ಅವನದು! ಹರಪನಹಳ್ಳಿಯ ಲಾಡ್ಜೊಂದಕ್ಕೆ ತಿಂಗಳಿಗೊಮ್ಮೆ ಬರುವ ಗುಪ್ತರೋಗದ ಪಂಡಿತನಿಂದ ತಂದದ್ದು. ಅವ್ವ ಕೈಹಾಕಲಾರಳೆಂದು ಹೆಂಡತಿಯ ಸೀರೆಯ ಕೆಳಗೆ ಬಚ್ಚಿಟ್ಟಿದ್ದ. ಮದುವೆಯಾಗಿ ಮೂರು ವರ್ಷ... ಹೆಂಡತಿಯ ಮಗ್ಗುಲಿಗೆ ಹೋದರೆ, ಕೂಡುವ ಮೊದಲೇ ಎಲ್ಲ ಮುಗಿದುಹೋಗುತ್ತಿತ್ತು. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗುವುದು! ಆರು ತಿಂಗಳಿಂದ ಲೆಕ್ಕಪತ್ರದ ನೆವ ಹೇಳಿ ಅಂಗಡಿಯಲ್ಲೇ ಹಾಸಿಗೆ ಬಿಚ್ಚುತ್ತಿದ್ದ. ಪುಡಿಯಿಂದ ಹೊಟ್ಟೆ ಕೆಟ್ಟು ಮೈ ಇಳಿದದ್ದೊಂದೇ ಬಂದ ಭಾಗ್ಯ.

“ಮದ್ದು ಕಾರಿಸಾಕ ನಾಟಿ ಔಷಧದ ಅಂಜಿನಕ್ಕಗ ಹೇಳಿ ಕಳಿಸೀನಿ. ಇಕಿ ಮಾತ್ರ ಸಂಜಿ ಬಸ್ಸಿಗೆ ಹಡಗಲಿಗೆ, ತವರಿಗೆ ಹೋಗಲಿ. ಬಂಜಿ ಅಂತ ಸೈರಿಸಿಕೊಂಡಿದ್ದೆ. ಈಗ ಮಗನ್ನೂ ಕಳಕೊಳ್ಳಲೇನು?”

ಸುಕನ್ಯಾ ಗಂಡನ ಮುಖವನ್ನೊಮ್ಮೆ ನೋಡಿದಳು. ಸೀರೆಗಳನ್ನು ಚೀಲಕ್ಕೆ ತುಂಬತೊಡಗಿದಳು.

ಸುಮ್ಮನಿದ್ದರೆ ಮಾನ ಉಳಿಯುತ್ತಿತ್ತು. ಥೂ, ಹೆಂಡತಿಯನ್ನು ಬೀದಿಗೆ ತಳ್ಳಿ ಉಳಿಸಿಕೊಳ್ಳುವುದೂ ಒಂದು ಮಾನವೇ! ಪಾಲಾಕ್ಷ ಹೊಸ್ತಿಲು ದಾಟಿ ಒಳಗೆ ಬಂದ.

“ಯವ್ವಾ... ಪುಡಿ ನಂದು. ನಾನ ಅಲ್ಲಿ ಇಟ್ಟಿದ್ದೆ. ದೋಷ ಆಕಿದಲ್ಲ, ನನ್ನಲ್ಲೈತಿ... ನನ್ನ ಕೈಲೆ ಸಂಸಾರ ಮಾಡಾಕ ಆಗವಲ್ದು!”

“ಏನಂದಿ?”

“ಆಕಿ ಕೂಡ ಒಂದು ಗಳಿಗಿ ನಿಲ್ಲಾಕ ಆಗವಲ್ದು ಯವ್ವಾ... ಈ ಪುಡಿ ಸಾಕು. ನಾಳಿ ಬಳ್ಳಾರಿ ದೊಡ್ಡ ದವಾಖಾನಿಗೆ ಹೋಗಿ ಡಾಕ್ಟರ ಮುಂದ ಹೇಳಿಕೊಂತೀನಿ.”

ನಾಗಲಿಂಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಕುಸಿದಳು. ಮರುಕ್ಷಣವೇ ಎದ್ದು ಬೀದಿಬಾಗಿಲಿಗೆ ಅಗಳಿ ಹಾಕಿದಳು. ಆಮೇಲೆ ಸೊಸೆಯ ಎರಡೂ ಕೈ ಹಿಡಿದುಕೊಂಡಳು.

“ನನ್ನ ತಾಯಿ... ಇದನ್ನ ಯಾರ ಮುಂದೂ ಆಡಬ್ಯಾಡವ್ವ!”

“ಆಡೋದಿದ್ರ, ನೀವು ನನ್ನ ಬಂಜಿ ಅಂದ ದಿವಸಾನ ಆಡ್ತಿದ್ದೆ, ಅತ್ತಿ.”

ಪಾಲಾಕ್ಷ ಮುಖ ಮುಚ್ಚಿಕೊಂಡು ಅತ್ತ. ಮೂರು ವರ್ಷ ಅವನು ನಾಚಿದ್ದು ತನ್ನ ಮೈಗೆ. ಆ ಮಧ್ಯಾಹ್ನ ನಾಚಿದ್ದು ಅಷ್ಟು ದಿನ ಮುಚ್ಚಿಕೊಂಡಿದ್ದ ತನ್ನ ಬಾಯಿಗೆ.