ಬಲಗಡೆಯ ಮುಂದಿನ ಗಾಲಿ

ಸಂಡೂರಿನ ಘಾಟಿ ಇಳಿಯುವಲ್ಲಿ ಆ ಕೆಂಪು ಕಾರು ಬಂಡೆಗೆ ಹಣೆ ಹಚ್ಚಿ ನಿಂತಿತ್ತು — ಪುರಾಣ ಕೇಳುತ್ತ ಕಂಬಕ್ಕೊರಗಿದ ಮುದುಕನಂತೆ. ಬಲಗಡೆಯ ಮುಂದಿನ ಗಾಲಿಯ ಟ್ಯೂಬು ಸಿಡಿದಿತ್ತು. ಕಾರು ನಡೆಸುತ್ತಿದ್ದ ಕೊಟ್ರಬಸಪ್ಪನವರ ಬಲಗೈ ಮುರಿದಿತ್ತು. ಪಕ್ಕದಲ್ಲಿದ್ದ ಡ್ರೈವರ್ ತಾಯಪ್ಪನಿಗೆ ಮಾತ್ರ ಒಂದು ಗೀರೂ ಇಲ್ಲ. ಅವನ ಮೇಲೆ ಮೊದಲ ಸಂಶಯ ಹುಟ್ಟಿದ್ದೇ ಅಲ್ಲಿ.

ಕೊಟ್ರಬಸಪ್ಪನವರಿಗೆ ಕಂಪ್ಲಿಯಲ್ಲಿ ಅಕ್ಕಿ ಗಿರಣಿ, ಹೊಸಪೇಟೆಯಲ್ಲಿ ಮನೆ. ಸೀಮೆಗೆ ವಾಪಸು ಹೊರಟ ಇಂಗ್ಲಿಷ್ ದೊರೆಯೊಬ್ಬನಿಂದ ಹತ್ತು ವರ್ಷ ಹಳೆಯದಾದ ಆ ಎರಡು ಸೀಟಿನ ಓಟದ ಕಾರನ್ನು ಕೊಂಡಿದ್ದರು. ಹೆಸರಾಂತ ಟೈರು ಮದರಾಸಿನಿಂದಲೇ ಬರಬೇಕು, ಬೆಲೆಯೂ ಬೆಂಕಿ. ಅಗ್ಗದವನ್ನು ಆರಿಸುವ ಹೊಣೆ ತಾಯಪ್ಪನ ಮೇಲೆ ಬಿತ್ತು. ಅವನು ಬಳ್ಳಾರಿಯ ಅಂಗಡಿಯೊಂದರಲ್ಲಿ ಅರ್ಧ ದಿನ ಕುಳಿತು, ಅಳತೆ ಹೊಂದಿಸಿ, ರಬ್ಬರು ಬಾಗಿಸಿ ಬಿರುಕು ಹುಡುಕಿ, ಹೆಸರು ಕೇಳದ ಕಂಪನಿಯವಾದರೂ ಒಂದೇ ಜಾತಿಯ ನಾಲ್ಕು ಟೈರು ತಂದ. ತಾನೇ ಹಾಕಿದ. ಐದನೆಯ ದಿನ ಹೀಗಾಯಿತು.

ಟೈರು ಮೀಟಿ ಕೂರಿಸುವಾಗ ಕಬ್ಬಿಣದ ಪಟ್ಟಿಗೆ ಟ್ಯೂಬು ಸಿಕ್ಕಿಸಿದ್ದಾನೆ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟರು. ಸೋಮವಾರ ಪೊಲೀಸರಿಗೆ ಕಾಗದ ಕೊಟ್ಟು ಅವನ ಲೈಸೆನ್ಸು ತೆಗೆಸುವುದಾಗಿ ಕೊಟ್ರಬಸಪ್ಪ ಹೇಳಿದರು. ಲೈಸೆನ್ಸು ಹೋದರೆ ಅನ್ನ ಹೋಯಿತು. ಅದಕ್ಕಿಂತ ಮಿಗಿಲಾಗಿ ತಾಯಪ್ಪನಿಗೆ ತನ್ನ ಕೈಗಳ ಮೇಲೇ ನಂಬಿಕೆ ಹೋಗಿತ್ತು. ಕಣ್ಣು ಮುಚ್ಚಿದರೆ ನಾಲ್ಕು ಗಾಲಿಗಳು ಹೊಳೆಯ ಮೇಲಿನ ಹರಿಗೋಲುಗಳಂತೆ ನಿಧಾನಕ್ಕೆ ಸುತ್ತುತ್ತಿದ್ದವು.

ಭಾನುವಾರ ಬೆಳಿಗ್ಗೆ ಅವನು ಕಮಲಾಪುರದಿಂದ ಮರುಳಸಿದ್ದಪ್ಪನವರನ್ನು ಕರೆತಂದ. ಪಿಂಚಣಿ ಪಡೆದ ಪೊಲೀಸ್ ಜಮಾದಾರರು. ಪುರಾಣ ಓದುವಲ್ಲಿ ಕಣ್ಣು ಮುಚ್ಚಿ ಕೂಡುವವರು. ಓದುವವನು ಒಂದು ಪದ ಬಿಟ್ಟರೆ ಥಟ್ಟನೆ ಕಣ್ಣು ತೆರೆಯುವವರು.

ಎತ್ತುಗಳು ಎಳೆದು ತಂದ ಕಾರು ಅಂಗಳದ ಬೇವಿನ ನೆರಳಲ್ಲಿತ್ತು. ಜಮಾದಾರರು ಟ್ಯೂಬನ್ನು ಮಡಿಲಲ್ಲಿ ಹರವಿಕೊಂಡರು.

"ಪಟ್ಟಿ ಕಚ್ಚಿದ್ರ ಗಾಯ ಎಲ್ಲಿ ಆಗ್ತೈತಿ, ತಮ್ಮಾ?"

"ಒಳಸುತ್ತಿನಾಗ್ರಿ, ಗಾಲಿ ಅಂಚಿನ ಕಡೆ. ಜೋಡಿ ಸೀಳು ಇರ್ತಾವು."

"ಇದು?"

ಗಾಯ ಹೊರಸುತ್ತಿನಲ್ಲಿತ್ತು, ನೆಲ ಮುಟ್ಟುವ ಕಡೆಗೆ. ಬೆರಳುದ್ದ ರಬ್ಬರು ಸವೆದು ತೆಳ್ಳಗಾಗಿ ನಡುವೆ ಹರಿದಿತ್ತು. ಅದರ ಮೇಲಿನ ಟೈರಿಗೆ ಮಾತ್ರ ಒಂದು ಮುಳ್ಳೂ ಚುಚ್ಚಿರಲಿಲ್ಲ!

ಜಮಾದಾರರು ಟೈರಿನೊಳಗೆ ಕೈಯಾಡಿಸಿದರು. ಬೆರಳಿಗೆ ಬಿಳಿ ಪುಡಿ ಬಂತು. ಟ್ಯೂಬು ಅಂಟದಿರಲೆಂದು ತಾನೇ ಉದುರಿಸಿದ ನುಣುಪಾದ ಚಾಕ್ ಪುಡಿ ಎಂದು ತಾಯಪ್ಪ ಹೇಳಿದ. ಅವರು ಸುಮ್ಮನೆ ಇನ್ನೊಂದು ಗಾಲಿಯನ್ನೂ ಬಿಚ್ಚಿಸಿ, ಎರಡರ ಪುಡಿಯನ್ನೂ ಬೇರೆ ಬೇರೆ ಎಲೆಯಲ್ಲಿ ಕಟ್ಟಿಕೊಂಡು, ಟೈರು ಹಾಕಿದ ದಿನದ ಕಥೆ ಕೇಳಿದರು.

ತಾಯಪ್ಪ ಹೇಳಿದ: ಪ್ರತಿ ಟೈರಿನೊಳಗೂ ಮೊಳೆಗಿಳೆ ಇದೆಯೇ ಎಂದು ಸವರಿ ನೋಡಿದ್ದ. ಟ್ಯೂಬು ಕೂರಿಸಿದ್ದ. ನಾಲ್ಕೂ ಗಾಲಿಗಳ ಹೊರ ಅಂಚು ಮುಚ್ಚುವ ಮೊದಲು ಮನೆಯೊಡತಿ ಸುವರ್ಣಮ್ಮ ಗಾಲಿಗೆ ಪೂಜೆಯಾಗಲೆಂದು ಅವನನ್ನು ಊಟಕ್ಕೆ ಕಳಿಸಿದ್ದರು. ಬಂದವನು ಅಂಚು ಕೂರಿಸಿ ಗಾಳಿ ತುಂಬಿದ್ದ.

"ನಾಲ್ಕಕ್ಕೂ ಕುಂಕುಮ ಇತ್ತೇನು?"

ತಾಯಪ್ಪ ಕಣ್ಣು ಮುಚ್ಚಿದ. ಮತ್ತೆ ಆ ಹರಿಗೋಲುಗಳು ಸುತ್ತತೊಡಗಿದವು. ಒಂದು ಕೆಂಪು ಬೊಟ್ಟು. ಎರಡು. ಮೂರು. ನಾಲ್ಕನೆಯದು ಬರಿದು.

"ಮೂರಕ್ಕಷ್ಟ ಇತ್ರಿ. ಬಲಗಡೆ ಮುಂದಿಂದು ಖಾಲಿ. ಮರ್ತಾರ ಅಂದ್ಕೊಂಡೆ."

"ಒನಕಿಗೂ ಕುಂಕುಮ ಮರೀದ ಮನಿ ಇದು," ಎನ್ನುತ್ತ ಜಮಾದಾರರು ಎದ್ದರು; ತಾಯಪ್ಪ ಹಿಂದೆಯೇ ನಡೆದ.

ಪಡಸಾಲೆಯಲ್ಲಿ ಕೊಟ್ರಬಸಪ್ಪ ಕೈಗೆ ಕಟ್ಟು ಹಾಕಿಸಿಕೊಂಡು ಮಲಗಿದ್ದರು. ಬಾಗಿಲ ಮರೆಯಲ್ಲಿ ಸುವರ್ಣಮ್ಮ. ಜಮಾದಾರರು ಮೊದಲು ಒಳ್ಳೆಯ ಗಾಲಿಯ ಪುಡಿಯನ್ನು ಹಣೆಗೆ ಎಳೆದುಕೊಂಡರು. ಅದು ಜಾರಿ ಮೂಗಿನ ಮೇಲೆ ಬಿತ್ತು.

"ಏನ್ರಿ ಜಮಾದಾರ್ರ, ಗಾಲಿಗೂ ದೀಕ್ಷೆ ಆಗೇತೇನು?" ಎಂದು ಕೊಟ್ರಬಸಪ್ಪ ನಕ್ಕರು.

ಆಮೇಲೆ ಎಳೆದ ಸಿಡಿದ ಗಾಲಿಯ ಪುಡಿ ಹಣೆಯ ಮೇಲೆ ಮೂರು ಗೆರೆಯಾಗಿ ನಿಂತಿತು. ನಗು ನಿಂತಿತು.

"ಎಲ್ಲಾರೂ ಚಾಕ್ ಪುಡಿ ಅಂದ್ಕೊಂಡ್ರಿ. ಒಡದ ಗಾಲ್ಯಾಗ ಇದ್ದದ್ದು ವಿಭೂತಿ, ಧಣಿ. ತಾಯಿತದಾಗ ತುಂಬಿದ್ದು. ಟ್ಯೂಬಿಗೂ ಟೈರಿಗೂ ನಡುವ ಇಟ್ಟಾರ. ಐದು ದಿನ ಅದು ರಬ್ಬರು ತಿಂದೈತಿ. ನೀವು ಕುಂದ್ರೋ ಕಡೆ ಗಾಲಿಗೆ ಒಳಗ ರಕ್ಷೆ ಸಿಕ್ಕ ಮ್ಯಾಲೆ ಹೊರಗ ಬೊಟ್ಟು ಯಾಕ ಬೇಕು?"

"ಯಾರು ಇಟ್ಟಾರ?"

"ನಿಮ್ಮ ಜೀವಕ್ಕ ಅಂಜಿದವ್ರು. ಸುವರ್ಣಮ್ಮ ತಾಯಿ."

ಬಾಗಿಲ ಮರೆಯಿಂದ ಬಳೆಯ ಸದ್ದು ಬಂತು. ಸುವರ್ಣಮ್ಮ ಮುಂದೆ ಬಂದು ಸೆರಗಿನ ಗಂಟು ಬಿಚ್ಚಿದರು. ಅಂಗೈಯಲ್ಲಿ ಚಪ್ಪಟೆಯಾದ, ಬಾಯಿ ಒಡೆದ ತಾಮ್ರದ ತಾಯಿತ. ಒಡೆದ ಕಾರನ್ನು ಎಳೆದು ತಂದ ದಿನವೇ, ಸಡಿಲಾದ ಟೈರಿನೊಳಗೆ ಕೈಹಾಕಿ ತೆಗೆದಿಟ್ಟಿದ್ದರು.

"ಉಳಿಸಾಕಂತ ಇಟ್ಟೆ," ಎಂದರು. "ಒಡೆದದ್ದು ಕೈಗೆ ಸಿಕ್ಕಾಗ ಬಾಯೇ ಬರ್ಲಿಲ್ಲ. ಅವತ್ತಿಂದ ತಾಯಪ್ಪನ ಮುಖ ನೋಡಾಕ ಆಗವಲ್ದು."

ಕೊಟ್ರಬಸಪ್ಪ ಪೊಲೀಸರಿಗೆಂದು ಬರೆಸಿಟ್ಟ ಕಾಗದವನ್ನು ಎಡಗೈಯೊಂದರಿಂದ ಹರಿಯಲು ನೋಡಿದರು. ಆಗದೆ ತಾಯಪ್ಪನ ಕೈಗೇ ಕೊಟ್ಟರು.

ಮುಂದಿನ ವಾರ ಅದೇ ಅಗ್ಗದ ಜಾತಿಯ ಇನ್ನೊಂದು ಟೈರು ಬಂತು. ಟ್ಯೂಬು ಹಾಕುವ ಮೊದಲು ತಾಯಪ್ಪ ಅಂಗಳದಿಂದ ಕರೆದ.

"ಅಮ್ಮಾರ, ಒಮ್ಮೆ ಒಳಗ ಕೈಯಾಡಿಸ್ರಿ. ಏನಾರ ತಾಕ್ತೈತೇನು?"

ಸುವರ್ಣಮ್ಮ ಬಳೆ ಮೇಲೇರಿಸಿ, ಆ ಕಪ್ಪು ವರ್ತುಲದೊಳಗೆ ಕಣ್ಣು ಮುಚ್ಚಿ ಪೂರ್ತಿ ಒಂದು ಸುತ್ತು ಸವರಿದರು.

"ಏನೂ ಇಲ್ಲಪ್ಪ."

ತಾಯಪ್ಪ ಚಾಕ್ ಪುಡಿ ಉದುರಿಸಿದ, ಟ್ಯೂಬು ಕೂರಿಸಿದ, ಅಂಚು ಮೀಟಿ ಮುಚ್ಚಿದ. ಮತ್ತೆ ಬಿಚ್ಚಿ ನೋಡಲಿಲ್ಲ. ಆಮೇಲೆ ಸುವರ್ಣಮ್ಮ ನಾಲ್ಕನೆಯ ಗಾಲಿಗೆ ಹೊರಗಿನಿಂದ ಕುಂಕುಮ ಇಟ್ಟರು.